ಇಂಜಿನ್ ಇದ್ದೂ ಇಲ್ಲದಂತೆ ಇಳಿದದ್ದು

ಲೈಸೆನ್ಸ್ ಸಿಕ್ಕಿ ಎರಡು ಸೀಸನ್ ಕಳೆದರೂ ನಾನು ಹಾರಿಸುವ, ಇಂಜಿನ್ನಿಲ್ಲದ ಗ್ಲೈಡರ್ ಎಎಸ್‌ಕೆ 21 ಇಳಿದಾಗ ಗುರುತಿನ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಇವನ ಗತಿಯೇನು ಎಂದು, ಜರ್ಮನಿಯ ಷ್ಟುಟ್‌ಗಾರ್ಟ್ ಬಳಿಯ ನಮ್ಮ ಕ್ಲಬ್ಬಿನವರು ನನ್ನನ್ನು ಷ್ವೇಬಿಷೆ ಆಲ್ಬ್ ಗುಡ್ಡಸಾಲಿನಾಚೆ ಕಳಿಸುತ್ತಿರಲಿಲ್ಲ. ಕೊರತೆಯಿದ್ದದ್ದು ಅಭ್ಯಾಸದ್ದು. ಗ್ಲೈಡರನ್ನು ಹಗ್ಗದಿಂದೆಳೆದು ಹಾರಿಸುವ ಯಂತ್ರ ವಿಂಚ್ ಸುಮಾರು 350 ಮೀಟರಿಗೆ ಏರಿಸುತ್ತದೆ. ಮೇಲಕ್ಕೆತ್ತುವ ಬಿಸಿಗಾಳಿ, ಅಂದರೆ ಥರ್ಮಲ್, ಇಲ್ಲದ ದಿನ ಐದಾರು ನಿಮಿಷಕ್ಕೆ ನೆಲ ಬರುತ್ತದೆ. ಶನಿವಾರಕ್ಕೆ ಮೂರು ಸರದಿ ಸಿಕ್ಕರೆ ಪುಣ್ಯ.

ಕ್ಲಬ್ಬಿನ ಮೋಟಾರ್ ಗ್ಲೈಡರ್ ಷೈಬೆ ಫಾಲ್ಕೆಯಲ್ಲಿ ಬರೀ ಇಳಿಯುವುದನ್ನೇ ಕಲಿಯುತ್ತೇನೆ ಎಂದಾಗ, ಥ್ರಾಟಲ್ (ಇಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಹಿಡಿ) ಹಿಡಿದ ಕೈ ಕೆಡುತ್ತದೆ ಎಂದು ಹಿರಿಯರು ನಕ್ಕರು. ಅದರಲ್ಲಿ ಅರ್ಧ ಸತ್ಯವಿತ್ತು. ಒಂದು ಕಿಲೋಮೀಟರ್ ಎತ್ತರದಿಂದ ಎಎಸ್‌ಕೆ 21 ಸುಮಾರು 34 ಕಿಲೋಮೀಟರ್ ತೇಲಿದರೆ, ಫಾಲ್ಕೆ 23 ತಲುಪುವುದೇ ಹೆಚ್ಚು. ಮೊದಲ ದಿನ ಎಂಟು ಸರ್ಕ್ಯೂಟ್ (ಏರಿ, ಸುತ್ತು ಹಾಕಿ ಇಳಿಯುವುದು) ಹಾರಿ, ಇಳಿಯುವಾಗ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು, ಗುರುತಿನಲ್ಲೇ ನಿಲ್ಲಿಸಿ ಬೀಗಿದೆ. ಮರುದಿನ ಅದೇ ಅಂದಾಜಿನಲ್ಲಿ ಬಂದ ಎಎಸ್‌ಕೆ 21 ಗುರುತು ದಾಟಿ ಇನ್ನೂರು ಮೀಟರ್ ಹೋಯಿತು. ಇನ್ನೊಂದು ದಿನ ಅಡ್ಡಗಾಳಿಗೆ ಫಾಲ್ಕೆ ತಿರುಗಿ, ರೆಕ್ಕೆಯಡಿಯ ಆಸರೆಚಕ್ರದ ಕಡ್ಡಿ ಒಣ ಬಿದಿರು ಸೀಳಿದ ಸದ್ದಿನೊಂದಿಗೆ ಮುರಿಯಿತು. ನನ್ನ ಜೇಬಿನಿಂದ ಹೋದದ್ದು ನೂರೆಂಬತ್ತು ಯೂರೊ.

ಆಮೇಲೆ ಥ್ರಾಟಲನ್ನು ಪೂರ್ತಿ ಎಳೆಯುವುದನ್ನು ಬಿಟ್ಟು, ಫಾಲ್ಕೆಯೂ ಎಎಸ್‌ಕೆ 21ರಷ್ಟೇ ನಿಧಾನವಾಗಿ ಇಳಿಯುವಂತೆ ತುಸು ಮುಂದಿಟ್ಟು, ಮಿಕ್ಕಿದ್ದನ್ನು ರೆಕ್ಕೆಯಿಂದ ಮೇಲೆದ್ದು ಇಳಿತವನ್ನು ಚುರುಕಾಗಿಸುವ ಏರ್‌ಬ್ರೇಕಿನಲ್ಲೇ ಸರಿದೂಗಿಸತೊಡಗಿದೆ. ಎಷ್ಟು ಆರ್‌ಪಿಎಂ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದನ್ನು ಪತ್ತೆಮಾಡಲು ನನಗೆ ಎರಡು ಭಾನುವಾರ ಹಿಡಿದವು. ಬೋಧಕರು ಎತ್ತರ ತೋರಿಸುವ ಆಲ್ಟಿಮೀಟರಿನ ಮೇಲೆ ಚೀಟಿ ಅಂಟಿಸಿದ ಮೇಲಂತೂ ಕಣ್ಣು ನೆಲದ ಕೋನವನ್ನೇ ನೆಚ್ಚಿಕೊಂಡಿತು. ಒಮ್ಮೆ ಕಾರ್ಬುರೇಟರಿನಲ್ಲಿ ಮಂಜುಗಟ್ಟದಂತೆ ಬಿಸಿಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಎಳೆಯಲು ಮರೆತು, ಮತ್ತೆ ಏರಲು ಹೋದಾಗ ಇಂಜಿನ್ ಕೆಮ್ಮಿತು. ಎದುರಿಗೆ ರನ್‌ವೇ ಉಳಿದಿದ್ದರಿಂದ ಅಲ್ಲೇ ಇಳಿಸಿದೆವು.

ನಡುವೆ ಒಂದು ದಿನ ಇಂಜಿನ್ ನಿಲ್ಲಿಸಿ ಥರ್ಮಲಿನಲ್ಲಿ ಸುತ್ತಿದ್ದೂ ಉಂಟು. ಇಪ್ಪತ್ತು ನಿಮಿಷ ಸೊಗಸಾಗಿತ್ತು, ಆದರೆ ತಣ್ಣಗಾದ ಇಂಜಿನ್ನನ್ನು ಮತ್ತೆ ಚಾಲೂ ಮಾಡುವಷ್ಟರಲ್ಲಿ ನೂರು ಮೀಟರಿನಷ್ಟು ಎತ್ತರ ಕಳೆದಿತ್ತು.

ಫಾಲ್ಕೆಗೆ ಗಂಟೆಗೆ ಸುಮಾರು 90 ಯೂರೊ, ವಿಂಚಿಗೆ ಒಂದು ಸಲಕ್ಕೆ ಏಳು. ಇಳಿತವೊಂದಕ್ಕೆ ವಿಂಚೇ ಅಗ್ಗವಾದರೂ, ಹಿಂದಿನ ತಪ್ಪು ಕಣ್ಣಲ್ಲಿ ಹಸಿಯಾಗಿರುವಾಗಲೇ ಗಂಟೆಗೆ ಎಂಟೊಂಬತ್ತು ಸಲ ತಿದ್ದಿಕೊಳ್ಳುವ ಅವಕಾಶ ಅದರಲ್ಲಿಲ್ಲ. ಆರು ಗಂಟೆಯ ಹಾರಾಟಕ್ಕೆ ಒಟ್ಟು ಸುಮಾರು 550 ಯೂರೊ ಸುರಿದೆ.

ಸೆಪ್ಟೆಂಬರಿನಲ್ಲಿ ಎಎಸ್‌ಕೆ 21 ಸತತ ಏಳು ಸಲ ಗುರುತಿನಿಂದ ಹತ್ತು ಮೀಟರಿನೊಳಗೆ ನಿಂತಿತು. ಥ್ರಾಟಲ್ ಎಷ್ಟಕ್ಕಿಡುತ್ತೀರಿ ಎಂದು ಅಂದು ನಕ್ಕವರೇ ಈಗ ಕೇಳುತ್ತಾರೆ, ನಾನಿನ್ನೂ ಹೇಳಿಲ್ಲ.