ಹಸುಗೂಸಿಗೆ ಹಗುರ ಸ್ವೆಟರ್: ನಾನು ಹೆಣೆದ ಬಗೆ

ಮಗುವಿನ ಸ್ವೆಟರ್ ಅಂದ ಕೂಡಲೇ ಎಲ್ಲರೂ ಬಣ್ಣ, ಡಿಸೈನ್ ಹುಡುಕುತ್ತಾರೆ. ನಾನು ಮೊದಲು ನೋಡುವುದು ತೂಕ. ಮೂರು ತಿಂಗಳ ಮಗು ಐದಾರು ಕಿಲೋ ಇದ್ದರೆ ಹೆಚ್ಚು. ಅದರ ಮೈಮೇಲೆ ದಪ್ಪ ಉಲ್ಲನ್ ಹೇರಿದರೆ ಮೊಣಕೈ ಮಡಚಲೂ ಕಷ್ಟ, ಬೆವರು ಬೇರೆ. ಸಿಗುವ ಪ್ಯಾಟರ್ನ್‌ಗಳಲ್ಲಿ ಬಹುಪಾಲು ಹಿಮ ಬೀಳುವ ಊರಿನವರು ಬರೆದದ್ದು. ಅವರ ಲೆಕ್ಕ ನಮಗೆ ಹೊಂದುವುದಿಲ್ಲ.

ಅಣ್ಣನ ಮಗು ಹುಟ್ಟಿದ್ದು ಆಗಸ್ಟ್‌ನಲ್ಲಿ, ಅತ್ತಿಗೆಯ ತವರು ಚಿಕ್ಕಮಗಳೂರಿನಲ್ಲಿ. ನಾಮಕರಣಕ್ಕೆ ಸೋದರತ್ತೆ ಬರಿಗೈಲಿ ಹೋಗುವ ಹಾಗಿಲ್ಲ ಅಲ್ವಾ? ಆದರೆ ಸ್ವೆಟರ್ ಬೇಕಾಗುವುದು ಚಳಿಗಾಲಕ್ಕೆ. ಹಾಗಾಗಿ ನಾಮಕರಣಕ್ಕೆ ಬೆಳ್ಳಿ ಲೋಟ ಕೊಟ್ಟು, ಸ್ವೆಟರನ್ನು ಮೂರರಿಂದ ಆರು ತಿಂಗಳ ಅಳತೆಗೆ ಶುರು ಮಾಡಿದೆ. ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ರಾತ್ರಿ 14-15 ಡಿಗ್ರಿಗೆ ಇಳಿಯುತ್ತದೆ ನಿಜ. ಮಧ್ಯಾಹ್ನ ಮತ್ತೆ 26-27ಕ್ಕೆ ಏರುತ್ತದೆ. ಅಂಥ ಊರಿಗೆ ಬೇಕಾದದ್ದು ಸುಲಭವಾಗಿ ಹಾಕಿ ಬಿಚ್ಚುವ, ಗಾಳಿಯಾಡುವ, ತೆಳ್ಳನೆಯ ಸ್ವೆಟರ್.

ದಾರದ ವಿಷಯಕ್ಕೆ ಬರುತ್ತೇನೆ, ಅರ್ಧ ಕೆಲಸ ಅಲ್ಲೇ ಇದೆ. ಅಂಗಡಿಯಲ್ಲಿ ‘ಬೇಬಿ ಉಲ್ಲನ್’ ಕೇಳಿದರೆ ಕೊಡುವ ಮೆತ್ತನೆಯ ಉಂಡೆ ಹೆಚ್ಚಿನ ಸಲ ಉಣ್ಣೆಯೇ ಅಲ್ಲ. ಲೇಬಲ್ ಓದಿದರೆ ನೂರಕ್ಕೆ ನೂರು ಅಕ್ರಿಲಿಕ್ ಅಂತ ಇರುತ್ತದೆ. ಲೇಬಲ್ ಹರಿದುಹೋಗಿದ್ದರೆ ನಾನು ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಬೆಂಕಿ ತಾನೇ ಆರಿಹೋಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಗಟ್ಟಿ ಮಣಿಯಾಗಿ ಕೂತುಬಿಡುತ್ತದೆ. ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ. ಅಗ್ಗ, ಮೆಷಿನ್‌ಗೆ ಹಾಕಿದರೂ ಏನೂ ಆಗುವುದಿಲ್ಲ. ಆದರೆ ನಮ್ಮ ಬಾಣಂತನದ ಮನೆಗಳಲ್ಲಿ ಎಣ್ಣೆನೀರು ಆದಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವಿಗೆ ಹೊಗೆ ಹಿಡಿಯುವವರು ಈಗಲೂ ಇದ್ದಾರೆ. ಪುಟ್ಟ ಮಕ್ಕಳ ಉಸಿರಿಗೆ ಹೊಗೆ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳುತ್ತಲೇ ಇರುತ್ತಾರೆ. ಅದರ ಮೇಲೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುವ ಬಟ್ಟೆ ಕೆಂಡದ ಹತ್ತಿರ ಹೋಗುವುದು ನನಗೆ ಸುತರಾಂ ಇಷ್ಟವಿಲ್ಲ.

ಹತ್ತಿ ದಾರ ಯಾಕಲ್ಲ ಅಂತ ಅತ್ತಿಗೆ ಕೇಳಿದಳು. ಮೈಸೂರಿಗೋ ಬೆಂಗಳೂರಿಗೋ ಆಗಿದ್ದರೆ ಹತ್ತಿಯನ್ನೇ ಹಿಡಿಯುತ್ತಿದ್ದೆನೇನೋ. ಆದರೆ ಅಷ್ಟೇ ಉದ್ದದ ಹತ್ತಿ ದಾರ ಉಣ್ಣೆಗಿಂತ ಭಾರ. ಎಳೆದರೆ ವಾಪಸ್ ಬರುವ ಗುಣ ಅದಕ್ಕಿಲ್ಲ, ಹಾಗಾಗಿ ತೋಳಿನ ಪಟ್ಟಿ ನಾಲ್ಕು ಸಲ ಒಗೆದ ಮೇಲೆ ಜೋಲುತ್ತದೆ. ಒದ್ದೆಯಾದರೆ ತಣ್ಣಗೆ ಮೈಗೆ ಅಂಟಿಕೊಳ್ಳುತ್ತದೆ, ಮಗು ಜೊಲ್ಲು ಸುರಿಸದೆ ಇರುತ್ತದೆಯೇ? ನಮ್ಮ ದೇಸಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಹಸುಗೂಸಿನ ಕೆನ್ನೆಗಲ್ಲ. ಮೊಹೇರ್, ಅಂಗೋರಾದಂಥ ಜುಂಗು ಬಿಡುವ ದಾರಗಳೂ ಬೇಡ. ಆ ಕೂದಲು ನೇರ ಮಗುವಿನ ಬಾಯಿಗೆ, ಮೂಗಿಗೆ ಹೋಗುತ್ತದೆ.

ಕೊನೆಗೆ ತರಿಸಿದ್ದು ಸೂಪರ್‌ವಾಶ್ ಮೆರಿನೋ (ಒಗೆದರೆ ಕುಗ್ಗದ ಹಾಗೆ ಹದ ಮಾಡಿದ, ಮೆರಿನೋ ಕುರಿಯ ಮೆತ್ತನೆಯ ಉಣ್ಣೆ), 4 ಪ್ಲೈ ಅನ್ನುವ ತೆಳು ದಾರ, 50 ಗ್ರಾಂ ಉಂಡೆಯಲ್ಲಿ ಸುಮಾರು 190 ಮೀಟರ್ ದಾರ. ಎರಡು ಉಂಡೆ. ಬಂದ ತಕ್ಷಣ ಉಂಡೆಯನ್ನು ಕತ್ತಿನ ಪಕ್ಕಕ್ಕೆ ಒತ್ತಿ ಒಂದೆರಡು ನಿಮಿಷ ಹಿಡಿದುಕೊಂಡೆ. ಅಲ್ಲಿ ಚುಚ್ಚದಿದ್ದರೆ ಮಗುವಿಗೂ ಚುಚ್ಚುವುದಿಲ್ಲ, ಅಂಗೈಯಲ್ಲಿ ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಣ್ಣ ಮಾತ್ರ ಬಿಳಿ ಬೇಡವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಕಾಡಿಗೆ, ದೃಷ್ಟಿಬೊಟ್ಟು, ಹರಳೆಣ್ಣೆ, ಕಕ್ಕಿದ ಹಾಲು, ಇಷ್ಟರ ಮುಂದೆ ಬಿಳಿ ಎಷ್ಟು ದಿನ ಬಿಳಿಯಾಗಿರುತ್ತದೆ? ಬೂದು ಬೆರೆತ ಹಸಿರು ತೆಗೆದುಕೊಂಡೆ.

ಹಗುರ ಬರಬೇಕಾದರೆ ದಾರ ತೆಳ್ಳಗಿದ್ದರಷ್ಟೇ ಸಾಲದು, ಹೆಣಿಗೆ ಸಡಿಲ ಇರಬೇಕು. ಲೇಬಲ್‌ನಲ್ಲಿ 3.25 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 28 ಸ್ಟಿಚ್ ಅಂತಿತ್ತು. ನಾನು 3.75 ಮಿ.ಮೀ. ಹಿಡಿದೆ. ಹಳೆಯ ಅಲ್ಯೂಮಿನಿಯಂ ಕಡ್ಡಿಗಳ ಲೆಕ್ಕದಲ್ಲಿ 10ನೇ ನಂಬರಿನ ಬದಲು 9ನೇ ನಂಬರ್. ಆ ಕಡ್ಡಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ, ಹೊಸಬರಿಗೆ ಗೊಂದಲ ಆಗುವುದು ಅಲ್ಲೇ. ಅಂಗೈಯಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ ಅಳೆದೆ. 10 ಸೆಂ.ಮೀ.ಗೆ 25 ಸ್ಟಿಚ್, 34 ಸಾಲು ಬಂತು. ಒಗೆಯದೆ ಅಳೆಯುವುದು ದಂಡ. ಸೂಪರ್‌ವಾಶ್ ದಾರ ನೀರು ಕಂಡರೆ ಸ್ವಲ್ಪ ಉದ್ದ ಬಿಡುತ್ತದೆ. ಬೆಳಕಿಗೆ ಹಿಡಿದರೆ ತುಂಡಿನ ಆಚೆ ಕಿಟಕಿಯ ಸರಳು ಮಸುಕಾಗಿ ಕಾಣುತ್ತಿತ್ತು, ಆದರೆ ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ತಕ್ಷಣ ಮೊದಲಿನಂತೆ ಅಗಲವಾಗುತ್ತಿತ್ತು. ನನಗೆ ಬೇಕಾದದ್ದು ಅದೇ. ಅದಕ್ಕಿಂತ ಸಡಿಲವಾದರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಆಕಾರಕ್ಕೆ ಬಂದರೆ ಹಸುಗೂಸಿನದು ಬೇರೆಯೇ ಲೆಕ್ಕ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಎದೆಗಿಂತ ಒಂದೆರಡು ಸೆಂ.ಮೀ. ಜಾಸ್ತಿಯೇ ಇರುತ್ತದೆ, ಎರಡೂ ಸಮವಾಗಲು ಹೆಚ್ಚು ಕಡಿಮೆ ವರ್ಷ ತುಂಬಬೇಕು. ಕತ್ತು ಅಂತೂ ಕಾಣುವುದೇ ಇಲ್ಲ, ಗಲ್ಲದ ಕೆಳಗೆ ನೇರ ಎದೆ. ಅದಕ್ಕೇ ತಲೆಯ ಮೇಲಿಂದ ತೂರಿಸುವ ಸ್ವೆಟರ್ ನಾನು ಹೆಣೆಯುವುದಿಲ್ಲ. ಕಾಲರ್ ಹಾಕುವುದಿಲ್ಲ. ಬೆನ್ನಿಗೆ ಗುಂಡಿಯೂ ಬೇಡ, ಮಗು ದಿನವಿಡೀ ಬೆನ್ನ ಮೇಲೇ ಮಲಗಿರುತ್ತದೆ. ಮುಂದೆ ಪೂರ್ತಿ ತೆರೆಯುವ ಸ್ವೆಟರ್ ಆದರೆ ಹಾಸಿ, ಮಗುವನ್ನು ಅದರ ಮೇಲೆ ಮಲಗಿಸಿ, ತೋಳು ತೂರಿಸಿದರೆ ಮುಗಿಯಿತು.

ಕತ್ತಿನಿಂದ ಕೆಳಕ್ಕೆ, ಜೋಡಣೆ ಹೊಲಿಗೆ ಇಲ್ಲದ ಹಾಗೆ, ರಾಗ್ಲಾನ್ ತೋಳಿನಲ್ಲಿ, ಅಂದರೆ ತೋಳು ಕತ್ತಿನಿಂದಲೇ ಓರೆಯಾಗಿ ಇಳಿಯುವ ಹಾಗೆ, ಹೆಣೆದೆ. ಕಂಕುಳಲ್ಲಿ ಹೊಲಿಗೆಯ ಗಂಟು ಇದ್ದರೆ ಚರ್ಮ ಕೆಂಪಾಗುತ್ತದೆ. ನಡುವೆ ವೈರ್ ಇರುವ ಸರ್ಕ್ಯುಲರ್ ಕಡ್ಡಿಯಲ್ಲಿ 72 ಸ್ಟಿಚ್ ಹಾಕಿಕೊಂಡೆ. ಅಂಚು ಬಿಗಿಯಾಗದಿರಲಿ ಅಂತ ಆ ಒಂದು ಸಾಲಿಗೆ ಇನ್ನೂ ದಪ್ಪದ ಕಡ್ಡಿ. ಹಂಚಿದ್ದು ಹೀಗೆ: ಎಡ ಬಲ ಮುಂಭಾಗಗಳಿಗೆ 12-12, ತೋಳುಗಳಿಗೆ 12-12, ಬೆನ್ನಿಗೆ 24. ಎರಡು ಭಾಗ ಸೇರುವ ನಾಲ್ಕು ಕಡೆ ಬೇರೆ ಬಣ್ಣದ ದಾರದ ಕುಣಿಕೆ ಕಟ್ಟಿಕೊಂಡೆ. ಎರಡು ಸಾಲಿಗೊಮ್ಮೆ ಪ್ರತಿ ಗುರುತಿನ ಆಚೆಗೊಂದು ಈಚೆಗೊಂದು ಸ್ಟಿಚ್ ಹೆಚ್ಚಿಸಿದರೆ ಒಂದು ಸಲಕ್ಕೆ ಎಂಟು. ಹಾಗೆ 16 ಸಲ. ಆಗ ಬೆನ್ನಿಗೆ 56, ಮುಂಭಾಗಗಳಿಗೆ 28-28, ತೋಳಿಗೆ 44-44, ಒಟ್ಟು 200.

ಹೆಚ್ಚಿಸಲು ದಾರವನ್ನು ಕಡ್ಡಿಗೆ ಸುಮ್ನೆ ಒಂದು ಸುತ್ತು ಹಾಕಿದರೆ ಸಾಕು, ಸಾಲಾಗಿ ಚಂದದ ತೂತು ಬೀಳುತ್ತವೆ. ನೋಡಲು ಸೊಗಸು. ನಾನು ಮಾತ್ರ ಉಲ್ಟಾ ಸಾಲಿನಲ್ಲಿ ಆ ಸುತ್ತನ್ನು ತಿರುಚಿ ಪರ್ಲ್ (ಉಲ್ಟಾ ಹೆಣಿಗೆ) ಮಾಡಿ ತೂತು ಮುಚ್ಚಿದೆ. ಮೂರು ತಿಂಗಳ ಮಗುವಿನ ಬೆರಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಎರಡು ಬಣ್ಣದ ಡಿಸೈನ್ ಹಾಕದಿರುವುದಕ್ಕೂ ಅದೇ ಕಾರಣ. ಒಳಬದಿಯಲ್ಲಿ ಅಡ್ಡಡ್ಡ ಹೋಗುವ ಸಡಿಲ ದಾರಕ್ಕೆ ಬೆರಳು ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲಬಹುದು.

ತೋಳಿನ 44 ಸ್ಟಿಚ್‌ಗಳನ್ನು ಎರಡು ದಾರಕ್ಕೆ ಪೋಣಿಸಿ ಬಿಟ್ಟು, ಕಂಕುಳಿಗೆ 4-4 ಹೊಸ ಸ್ಟಿಚ್ ಸೇರಿಸಿ ಮೈಯ 120 ಸ್ಟಿಚ್ ಒಟ್ಟಿಗೆ ಮುಂದುವರಿಸಿದೆ. ಮುಂಭಾಗದ ಎರಡೂ ಅಂಚಿನ 5 ಸ್ಟಿಚ್ ಮೊದಲಿಂದಲೂ ಗಾರ್ಟರ್ (ಎಲ್ಲ ಸಾಲೂ ನಿಟ್, ಅಂದರೆ ಸೀದಾ ಹೆಣಿಗೆ), ಅದೇ ಗುಂಡಿಪಟ್ಟಿ. ಒಂದರ ಮೇಲೊಂದು ಕೂತಾಗ ಎದೆಯ ಸುತ್ತಳತೆ 46 ಸೆಂ.ಮೀ. ಮಗುವಿನದು 40-42 ಇರುತ್ತದೆ, ಒಳಗೆ ಹತ್ತಿ ಜಬಲ ಹಾಕಲು ಜಾಗ ಬೇಕಲ್ಲ. ಮೈ ಭಾಗದ ಬಗ್ಗೆ ಹೇಳಲು ಏನೂ ಇಲ್ಲ. ಟೀವಿ ನೋಡುತ್ತಾ ಕಂಕುಳಿಂದ 14 ಸೆಂ.ಮೀ. ಹೆಣೆದು, ಸಣ್ಣ ಕಡ್ಡಿಯಲ್ಲಿ 3 ಸೆಂ.ಮೀ. ರಿಬ್ (ಎಳೆದರೆ ಹಿಗ್ಗುವ ಅಂಚಿನ ಪಟ್ಟಿ) ಹಾಕಿ ಮುಗಿಸಿದೆ. ತೋಳು ಎರಡೂ ಕಡೆ ಮೊನೆ ಇರುವ ಗಿಡ್ಡ ಕಡ್ಡಿಗಳಲ್ಲಿ ಸುತ್ತಲೂ ಹೆಣೆದದ್ದು. ಕಂಕುಳಲ್ಲಿ 4 ಎತ್ತಿಕೊಂಡು 48, ಕೆಳಗೆ ಬರುತ್ತಾ 36ಕ್ಕೆ ಇಳಿಸಿದೆ. ಮಣಿಕಟ್ಟಿನ ರಿಬ್ ಎರಡರಷ್ಟು ಉದ್ದ ಇಟ್ಟೆ. ಮಡಚಿದರೆ ಈಗಿನ ಅಳತೆ, ಬಿಚ್ಚಿದರೆ ಮುಂದಿನ ತಿಂಗಳುಗಳ ಅಳತೆ.

ಗುಂಡಿ ಐದೇ, ಅದೂ ಎದೆಯವರೆಗೆ. ಹೊಟ್ಟೆಯ ಕೆಳಗೆ ತೆರೆದೇ ಬಿಟ್ಟೆ, ಡಯಾಪರ್ ಬದಲಿಸಲು ಸಲೀಸು. ಕಾಜಾಕ್ಕೆ ಒಂದು ಸುತ್ತು ದಾರ, ಮುಂದಿನ ಎರಡು ಸ್ಟಿಚ್ ಒಟ್ಟಿಗೆ ನಿಟ್, ಅಷ್ಟೇ. ಗುಂಡಿಯನ್ನು ಉಲ್ಲನ್‌ನಿಂದ ಹೊಲಿಯಬಾರದು, ಸವೆದು ಉದುರುತ್ತದೆ. ಗಟ್ಟಿ ಪಾಲಿಯೆಸ್ಟರ್ ದಾರದಲ್ಲಿ, ಹಿಂಬದಿಗೆ ಒಂದು ಸಣ್ಣ ಬಟ್ಟೆ ಚೂರು ಕೊಟ್ಟು ಹೊಲಿದೆ. ಆಮೇಲೆ ಒಂದೊಂದನ್ನೂ ಹಲ್ಲಲ್ಲಿ ಕಚ್ಚಿ ಎಳೆದು ನೋಡಿದೆ. ಆರು ತಿಂಗಳಿಗೆ ಮಗು ಮಾಡುವುದೂ ಅದನ್ನೇ. ಕತ್ತಿಗೆ ಕಟ್ಟುವ ಲಾಡಿ, ಉಲ್ಲನ್ ಕುಚ್ಚು ಇಂಥವು ಎಷ್ಟು ಮುದ್ದಾಗಿದ್ದರೂ ಬೇಡ.

ಅಡುಗೆಮನೆಯ ತಕ್ಕಡಿಗೆ ಹಾಕಿದರೆ ಗುಂಡಿ ಸೇರಿ 70 ಗ್ರಾಂಗಿಂತ ಕಡಿಮೆ. 4 ಪ್ಲೈಗಿಂತ ದಪ್ಪದ ಡಬಲ್ ನಿಟ್ ದಾರದಲ್ಲಿ ಇದೇ ಅಳತೆ ಆಗಿದ್ದರೆ ನೂರು ದಾಟುತ್ತಿತ್ತು.

ಅತ್ತಿಗೆಯ ಅಮ್ಮ ಕೈಗೆತ್ತಿಕೊಂಡು, ‘ಚೆನ್ನಾಗಿದೆ ಕಣಮ್ಮ, ಆದರೆ ಇಷ್ಟು ತೆಳ್ಳಗಿದ್ದರೆ ನಮ್ಮೂರ ಚಳಿ ತಡೆಯುತ್ತಾ?’ ಅಂದರು. ಅವರು ಕುಲಾವಿ, ಸ್ವೆಟರ್, ಮೇಲೊಂದು ಶಾಲು ಎಲ್ಲ ಹೊದಿಸಿ ಮಕ್ಕಳನ್ನು ಬೆಳೆಸಿದವರು. ‘ಅಮ್ಮ, ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ನಿಲ್ಲುವ ಗಾಳಿ. ಒಳಗೆ ಜಬಲ ಇರಲಿ, ಮೇಲೆ ಇದು. ಸಾಲದು ಅನ್ನಿಸಿದರೆ ಅಂಗೈ ಮುಟ್ಟಬೇಡಿ, ಕತ್ತಿನ ಹಿಂದೆ ಮುಟ್ಟಿ ನೋಡಿ’ ಅಂದೆ. ಚಿಕ್ಕ ಮಕ್ಕಳ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ, ಅದನ್ನು ನಂಬಿ ಬಟ್ಟೆ ಹೇರಬಾರದು. ಕತ್ತಿನ ಹಿಂದೆ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಮನೆಯೊಳಗೆ ಮಲಗಿಸುವಾಗ ಟೋಪಿಯೂ ಬೇಡ, ಮಗು ತಲೆಯಿಂದಲೇ ಹೆಚ್ಚು ಬಿಸಿ ಬಿಡುತ್ತದೆ. ಟೋಪಿಯ ವಿಷಯದಲ್ಲಿ ಅವರು ಒಪ್ಪಲಿಲ್ಲ. ಸ್ವೆಟರ್ ಮಟ್ಟಿಗೆ ಒಪ್ಪಿದರು.

ತೊಡಿಸುವ ಮುಂಚೆ ಒಗೆದದ್ದು ಅಂಟುವಾಳಕಾಯಿ ನೀರಿನಲ್ಲಿ. ಕಾಯಿ ರಾತ್ರಿ ನೆನೆಸಿ, ಕಿವುಚಿ, ಸೋಸಿದ ನೊರೆ ನೀರು ಉಣ್ಣೆಗೂ ರೇಷ್ಮೆಗೂ ಹಿತ. ತಣ್ಣೀರೇ ಆಗಬೇಕು, ಹಿಂಡಬಾರದು. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಚಪ್ಪಟೆಯಾಗಿ ಹರಡಿದರೆ ಸಾಕು. ತಂತಿಗೆ ನೇತುಹಾಕಿದರೆ ತೋಳು ಮಂಡಿಗೆ ಬರುತ್ತದೆ. ಬೇಸಿಗೆಗೆ ಎತ್ತಿಡುವಾಗ ನುಸಿಗುಳಿಗೆ ಹಾಕಬೇಡ ಅಂತ ಅತ್ತಿಗೆಗೆ ಎರಡೆರಡು ಸಲ ಹೇಳಿದ್ದೇನೆ. ಅದರಲ್ಲಿರುವ ನ್ಯಾಫ್ತಲೀನ್ ಬಟ್ಟೆಗೆ ಹಿಡಿದು, ಕೆಲವು ಮಕ್ಕಳಲ್ಲಿ ರಕ್ತಕಣ ಒಡೆದು ಕಾಮಾಲೆ ತರುತ್ತದೆ. ಒಣಗಿದ ಬೇವಿನೆಲೆಯ ಪೊಟ್ಟಣ ಇಟ್ಟು, ಆಗಾಗ ತೆಗೆದು ಕೊಡವಿದರೆ ನಡೆಯುತ್ತದೆ.

ಎರಡನೇ ಉಂಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರ ಉಳಿದಿದೆ. ಅದನ್ನು ಲೇಬಲ್ ಸಮೇತ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಲಿಂದ ಕೆಳಕ್ಕೆ ಹೆಣೆದದ್ದಕ್ಕೆ ಇನ್ನೊಂದು ಲಾಭ ಇದೆ. ಮಗು ಉದ್ದವಾದಾಗ ಕೆಳಗಿನ ರಿಬ್ ಬಿಚ್ಚಿ, ಸ್ಟಿಚ್ ಎತ್ತಿಕೊಂಡು, ನಾಲ್ಕು ಬೆರಳು ಉದ್ದ ಮಾಡಿ ಮತ್ತೆ ರಿಬ್ ಹಾಕಬಹುದು. ಯುಗಾದಿಗೆ ಅವರು ಮೈಸೂರಿಗೆ ಬಂದಾಗ ಅಳತೆ ನೋಡಬೇಕು.