ಸ್ಪೀಡ್ ಸ್ಟಾಪ್ ಸ್ಪರ್ಧೆಗೆ ಕಾರನ್ನೂ ಕಾಲನ್ನೂ ಸಿದ್ಧಗೊಳಿಸುವ ಬಗೆ

ನಿಂತ ಕಾರನ್ನು ಎಷ್ಟು ಬೇಗ ಓಡಿಸಬಹುದು ಎಂಬುದನ್ನಷ್ಟೇ ಅಲ್ಲ, ಓಡುವ ಕಾರನ್ನು ಗೊತ್ತುಮಾಡಿದ ಜಾಗದಲ್ಲಿ ಎಷ್ಟು ಖಚಿತವಾಗಿ ನಿಲ್ಲಿಸಬಹುದು ಎಂಬುದನ್ನೂ ಒಟ್ಟಿಗೆ ಒರೆಗೆ ಹಚ್ಚುವ ಸ್ಪರ್ಧೆಗೆ ಅಮೆರಿಕದಲ್ಲಿ ಸ್ಪೀಡ್ ಸ್ಟಾಪ್ ಎನ್ನುತ್ತಾರೆ. ಆಪ್ಟಿಮಾ ಬ್ಯಾಟರಿ ಹೆಸರಿನಲ್ಲಿ ನಡೆಯುವ ‘ಅಲ್ಟಿಮೇಟ್ ಸ್ಟ್ರೀಟ್ ಕಾರ್’ ಸರಣಿಯಲ್ಲಿ ಆಟೊಕ್ರಾಸ್ (ಕೋನ್‌ಗಳ ನಡುವಿನ ಅಂಕುಡೊಂಕು ಹಾದಿಯಲ್ಲಿ ಗಡಿಯಾರದ ಎದುರು ಓಡುವ ಪಂದ್ಯ) ಮತ್ತು ಟ್ರ್ಯಾಕ್ ಸುತ್ತಿನ ಜೊತೆಗೆ ಇದೂ ಒಂದು ವಿಭಾಗ. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಸೇರುವ, ಜನರಲ್ ಮೋಟರ್ಸ್‌ನ ಎಲ್‌ಎಸ್ ಎಂಜಿನ್ ಕಾರುಗಳ ಮೇಳವಾದ ಎಲ್‌ಎಸ್ ಫೆಸ್ಟ್‌ನಲ್ಲಿ ‘3ಎಸ್ ಚಾಲೆಂಜ್’ ಎಂಬ ಹೆಸರಿನಲ್ಲಿ ಇದೇ ಜಾತಿಯ ಪಂದ್ಯವಿದೆ. ಹಾದಿ ಸ್ಥಳದಿಂದ ಸ್ಥಳಕ್ಕೆ ಬದಲಾದರೂ ಸ್ವರೂಪ ಹೆಚ್ಚುಕಡಿಮೆ ಒಂದೇ: ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ವೇಗ ಪಡೆದು, ತಿರುವು ದಾಟಿ, ಕೊನೆಗೆ ಕೋನ್‌ಗಳಿಂದ ಗುರುತಿಸಿದ ಚೌಕದೊಳಗೆ ಕಾರನ್ನು ಪೂರ್ತಿಯಾಗಿ ನಿಲ್ಲಿಸಬೇಕು. ಚೌಕ ದಾಟಿ ನಿಂತರೆ ಅಥವಾ ಕೋನ್ ಬೀಳಿಸಿದರೆ ಗಳಿಸಿದ ಸಮಯವೆಲ್ಲ ನೀರುಪಾಲಾಗುತ್ತದೆ.

ಹೊಸದಾಗಿ ಬರುವವರು ಸಾಮಾನ್ಯವಾಗಿ ಎಂಜಿನ್‌ನಿಂದ ಆರಂಭಿಸುತ್ತಾರೆ. ತಯಾರಿ ಬ್ರೇಕಿನಿಂದ ಆರಂಭವಾಗಿ ಹಿಮ್ಮುಖವಾಗಿ ಸಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2017ರಲ್ಲಿ ಬುಗಾಟಿ ಶಿರಾನ್ ಸೊನ್ನೆಯಿಂದ ಗಂಟೆಗೆ 400 ಕಿ.ಮೀ. ವೇಗಕ್ಕೇರಿ ಮತ್ತೆ ಸೊನ್ನೆಗಿಳಿಯಲು 41.96 ಸೆಕೆಂಡು ತೆಗೆದುಕೊಂಡಿತು; ಅದೇ ವರ್ಷ ಕೋನಿಗ್‌ಸೆಗ್ ಅಗೇರಾ ಆರ್‌ಎಸ್ ಅದನ್ನೇ 36.44 ಸೆಕೆಂಡಿನಲ್ಲಿ ಮುಗಿಸಿತು. ಆದರೆ ಬ್ರೇಕ್ ಹಿಡಿದು ನಿಲ್ಲುವುದಕ್ಕೆ ಮಾತ್ರ ಎರಡಕ್ಕೂ ಒಂಬತ್ತೂವರೆ ಸೆಕೆಂಡಿನ ಆಸುಪಾಸೇ ಬೇಕಾಯಿತು. ವೇಗ ಹೆಚ್ಚಿಸಲು ಶಕ್ತಿಯನ್ನು ಕೊಳ್ಳಬಹುದು, ನಿಲ್ಲಿಸುವ ಮಿತಿಯನ್ನು ಮಾತ್ರ ಕೊನೆಗೆ ನಿರ್ಧರಿಸುವುದು ಟೈರು ನೆಲವನ್ನು ಹಿಡಿಯುವ ಬಲ. ಆ ಮಿತಿಯ ಅಂಚಿನವರೆಗೆ ಕಾರನ್ನು ಒಯ್ಯುವುದು ಚಾಲಕನ ಕಾಲು.

ಆದ್ದರಿಂದ ಮೊದಲ ಖರ್ಚು ಟೈರಿಗೆ. ಆಪ್ಟಿಮಾ ಸರಣಿಯ ನಿಯಮದಂತೆ ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಟ್ರೆಡ್‌ವೇರ್ ಸಂಖ್ಯೆ (ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ಸೂಚಕ) 200 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052, ಫಾಲ್ಕನ್ ಆರ್‌ಟಿ660 ಇವೆಲ್ಲ ಈ ವರ್ಗದಲ್ಲಿ ಹೆಸರು ಮಾಡಿದ ಟೈರುಗಳು. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಒಮ್ಮೆ ನೋಡಿ ಬಿಟ್ಟರೆ ಸಾಲದು. ಪ್ರತಿ ಓಟ ಮುಗಿದ ಕೂಡಲೇ ನಾಲ್ಕೂ ಟೈರುಗಳ ಒತ್ತಡವನ್ನು ಅಳೆದು ಬರೆದಿಡಬೇಕು. ಟೈರಿನ ಅಂಚಿನಲ್ಲಿ ಬಿಳಿ ಶೂ ಪಾಲಿಶ್‌ನಿಂದ ಗೆರೆ ಎಳೆದರೆ, ಓಟದ ನಂತರ ಆ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂಬುದರಿಂದ ತಿರುವಿನಲ್ಲಿ ಟೈರು ಪಕ್ಕದ ಗೋಡೆಯತ್ತ ಎಷ್ಟು ಮಗುಚಿಕೊಂಡಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬ್ರೇಕ್ ಪ್ಯಾಡ್ ಆಯ್ಕೆಯಲ್ಲಿ ದುಬಾರಿ ರೇಸ್ ಪ್ಯಾಡ್‌ಗಳ ಮೋಹ ಬೇಡ. ದೀರ್ಘ ರೇಸಿಗೆಂದು ತಯಾರಿಸಿದ ಪ್ಯಾಡ್‌ಗಳು ಚೆನ್ನಾಗಿ ಕಾದ ಮೇಲಷ್ಟೇ ಬಿಗಿಯಾಗಿ ಹಿಡಿಯುತ್ತವೆ. ಇಲ್ಲಾದರೋ ಸರದಿಗೆ ಕಾದು ನಿಂತು ಬ್ರೇಕ್ ತಣ್ಣಗಾದ ಮೇಲೆ, ಕೆಲವೇ ಸೆಕೆಂಡಿನ ಓಟದ ಕೊನೆಯಲ್ಲಿ ಒಂದೇ ಸಲ ಪೂರ್ಣ ಬಲದ ಬ್ರೇಕ್ ಬೇಕಾಗುತ್ತದೆ. ತಣ್ಣಗಿರುವಾಗಲೂ ಹಿಡಿಯುವ, ರಸ್ತೆಗೂ ಲಘು ಟ್ರ್ಯಾಕ್ ಬಳಕೆಗೂ ಒಪ್ಪುವ ಪ್ಯಾಡೇ ಈ ಸ್ಪರ್ಧೆಗೆ ಸರಿ. ಹೊಸ ಪ್ಯಾಡ್ ಹಾಕಿಸಿದವರು ತಯಾರಕರು ಹೇಳಿದ ಕ್ರಮದಲ್ಲಿ, ಖಾಲಿಯಾದ ಸುರಕ್ಷಿತ ಜಾಗದಲ್ಲಿ, ಕಾರನ್ನು ಪೂರ್ತಿ ನಿಲ್ಲಿಸದೆ ಮತ್ತೆ ಮತ್ತೆ ವೇಗ ತಗ್ಗಿಸಿ ಪ್ಯಾಡನ್ನೂ ಡಿಸ್ಕನ್ನೂ ಪರಸ್ಪರ ಒಗ್ಗಿಸಿ, ಅನಂತರ ಬ್ರೇಕ್ ಹಿಡಿಯದೆ ನಿಧಾನವಾಗಿ ಓಡಿಸಿ ತಣಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ: ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸ್ಪರ್ಧೆಗೆ ಮುನ್ನ ಹೊಸ ಆಯಿಲ್ ತುಂಬಿಸಿ ಗಾಳಿಗುಳ್ಳೆ ತೆಗೆಸುವುದಕ್ಕೆ ಆಗುವ ಖರ್ಚು ಅಲ್ಪ, ಅದರ ಫಲ ದೊಡ್ಡದು.

ತಪಾಸಣೆಯ ಸಾಲಿಗೆ ಹೋಗುವ ಮುನ್ನ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಿರಿ, ಬ್ಯಾಟರಿ ಅಲುಗಾಡದಂತೆ ನೋಡಿಕೊಳ್ಳಿ. ಮ್ಯಾಟು, ನೀರಿನ ಬಾಟಲಿ, ಫೋನು ಎಲ್ಲವನ್ನೂ ಹೊರಗಿಡಿ. ಪೂರ್ಣ ಬ್ರೇಕ್ ಹಿಡಿದಾಗ ಉರುಳಿ ಬಂದ ಬಾಟಲಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಂದಿನದು ಅನಾಹುತವೇ. ಹೆಲ್ಮೆಟ್, ಅವುಗಳ ಸುರಕ್ಷತೆಯನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ದರ್ಜೆಯದಾಗಿದ್ದರೆ ಉತ್ತಮ. ಅದರ ಒಳಪದರಕ್ಕೆ ಬೆಂಕಿ ತಡೆಯುವ ಗುಣವಿರುತ್ತದೆ.

ಚಾಲಕರ ಸಭೆಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಏಳಬೇಡಿ. ಗಡಿಯಾರ ಆರಂಭವಾಗುವುದು ದೀಪ ಹಸಿರಾದಾಗಲೋ, ಕಾರು ಬೆಳಕಿನ ಕಿರಣವನ್ನು ದಾಟಿದಾಗಲೋ? ಗಡಿಯಾರ ನಿಲ್ಲುವುದು ಚೌಕದ ಗೆರೆ ದಾಟಿದಾಗಲೋ, ಚಕ್ರ ಪೂರ್ತಿ ನಿಂತಾಗಲೋ? ಕಿರಣದಿಂದ ಆರಂಭವಾಗುವುದಾದರೆ ಹಸಿರು ದೀಪಕ್ಕೆ ಗಾಬರಿಯಿಂದ ಹಾರುವ ಅಗತ್ಯವೇ ಇಲ್ಲ, ಸಾವಧಾನವಾಗಿ ಎಂಜಿನ್ ಹದಗೊಳಿಸಿ ಹೊರಡಬಹುದು. ಗೆರೆ ದಾಟಿದೊಡನೆ ಗಡಿಯಾರ ನಿಲ್ಲುವುದಾದರೆ ಚೌಕದ ಉದ್ದವನ್ನು ಪೂರ್ತಿ ಬಳಸಿ ಬ್ರೇಕನ್ನು ತಡವಾಗಿ ಹಿಡಿಯಬಹುದು.

ಆಮೇಲೆ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿ, ವಿಶೇಷವಾಗಿ ಚೌಕದ ಮುಂಚಿನ ಐವತ್ತು ಅರವತ್ತು ಮೀಟರನ್ನು ಬಗ್ಗಿ ನೋಡಿ. ಬಿರುಕಿಗೆ ಸುರಿದ ಡಾಂಬರಿನ ಪಟ್ಟಿ, ಹಳೆಯ ಬಣ್ಣದ ಗೆರೆ, ಸಣ್ಣ ಜಲ್ಲಿಪುಡಿ ಇವೆಲ್ಲ ಬಿಸಿಲೇರಿದಂತೆ ಜಾರುವ ತಾಣಗಳಾಗುತ್ತವೆ. ಬ್ರೇಕ್ ಹಿಡಿಯುವ ಗುರುತಾಗಿ ಅಲುಗಾಡದ ವಸ್ತುವನ್ನೇ ಆರಿಸಿ. ಕೋನನ್ನು ಹಿಂದಿನ ಕಾರು ಸರಿಸಿರಬಹುದು. ಗುರುತು ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಲೆಕ್ಕವಿದೆ. ಒಳ್ಳೆಯ ಟೈರಿನ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು 39 ಮೀಟರ್ ತೆಗೆದುಕೊಂಡರೆ, 110ರಿಂದ ನಿಲ್ಲಲು 47 ಮೀಟರ್ ಬೇಕು, ಏಕೆಂದರೆ ದೂರ ಹೆಚ್ಚುವುದು ವೇಗದ ವರ್ಗದ ಪ್ರಮಾಣದಲ್ಲಿ. ಹಾಗಾಗಿ ನೇರ ದಾರಿಯಲ್ಲಿ ತುಸು ಹೆಚ್ಚು ವೇಗ ಗಳಿಸಿದ ಓಟದಲ್ಲಿ ಹಳೆಯ ಗುರುತನ್ನೇ ನಂಬಿದವರು ಚೌಕ ದಾಟುತ್ತಾರೆ. ಮೊದಲ ಓಟದಲ್ಲಿ ಧಾರಾಳವಾಗಿ ಮುಂಚೆಯೇ ಬ್ರೇಕ್ ಹಿಡಿದು, ಚೌಕದೊಳಗೆ ಎಷ್ಟು ಜಾಗ ಉಳಿಯಿತೆಂದು ಇಳಿದು ನೋಡುವ ಅವಕಾಶವಿದ್ದರೆ ನೋಡಿ, ಮುಂದಿನ ಓಟಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಗುರುತನ್ನು ಮುಂದೆ ತಳ್ಳಬೇಕು.

ಹೊರಡುವಾಗ ಟೈರು ಗಿರಕಿ ಹೊಡೆದು ಹೊಗೆ ಎದ್ದರೆ ನೋಡುಗರಿಗೆ ಹಬ್ಬ, ಗಡಿಯಾರಕ್ಕೆ ನಷ್ಟ. ಅತ್ಯಲ್ಪ ಜಾರುವಿಕೆ ಇರುವಾಗಲೇ ಟೈರಿನ ಹಿಡಿತ ಗರಿಷ್ಠ; ಆದ್ದರಿಂದ ಕ್ಲಚ್ಚನ್ನು ತಟ್ಟನೆ ಬಿಡದೆ, ಕಾರು ಚಲಿಸತೊಡಗಿದ ಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಬ್ರೇಕ್ ಗುರುತು ಇನ್ನೇನು ಬಂತು ಎನ್ನುವಾಗ ಗೇರು ಮೇಲಕ್ಕೆ ಹಾಕುವುದಕ್ಕಿಂತ, ಎಂಜಿನ್ನನ್ನು ಅದರ ಗರಿಷ್ಠ ಸುತ್ತಿನ ಹತ್ತಿರವೇ ಕ್ಷಣಕಾಲ ಹಿಡಿದಿಡುವುದು ಎಷ್ಟೋ ಸಲ ಲಾಭಕರ. ತಿರುವಿನಲ್ಲಿ ಟೈರಿನ ಹಿಡಿತ ಒಂದೇ ಗಂಟಿನ ಹಣವಿದ್ದಂತೆ: ತಿರುಗುವುದಕ್ಕೆ ಖರ್ಚಾದದ್ದು ನಿಲ್ಲುವುದಕ್ಕೆ ಸಿಗುವುದಿಲ್ಲ. ಸ್ಟೀರಿಂಗ್ ನೇರವಾದ ಮೇಲೆಯೇ ಪೂರ್ಣ ಬ್ರೇಕ್.

ಈಗ ಆ ಪೂರ್ಣ ಬ್ರೇಕಿನ ಮಾತು. ಸುಮಾರು 1500 ಕಿಲೋ ತೂಕದ ಕಾರು ಪೂರ್ಣ ಬಲದಿಂದ ನಿಲ್ಲುವಾಗ 250ರಿಂದ 300 ಕಿಲೋದಷ್ಟು ಭಾರ ಹಿಂದಿನ ಚಕ್ರಗಳಿಂದ ಮುಂದಿನವಕ್ಕೆ ವರ್ಗವಾಗುತ್ತದೆ, ಆದರೆ ಅದಕ್ಕೆ ಒಂದು ಕ್ಷಣ ಬೇಕು. ಮುಂಭಾಗ ತಗ್ಗುವ ಮೊದಲೇ ಪೆಡಲನ್ನು ಗುದ್ದಿದರೆ, ಭಾರ ಬಾರದ ಮುಂದಿನ ಟೈರುಗಳು ಜಾರುತ್ತವೆ. ಕೆಲವು ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದನ್ನು ಮಂಜುಗಡ್ಡೆಯ ಮೇಲಿನ ಜಾರುವಿಕೆಯೆಂದು ತಿಳಿದು ಬ್ರೇಕಿನ ಒತ್ತಡವನ್ನೇ ತಗ್ಗಿಸಿಬಿಡುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಹಾಗಾದಾಗ ಕಾಲನ್ನು ಒಮ್ಮೆ ತುಸು ಸಡಿಲಿಸಿ ಮತ್ತೆ ಒತ್ತಬೇಕು. ಹಾಗಾಗದಂತೆ ನೋಡಿಕೊಳ್ಳುವ ದಾರಿಯೆಂದರೆ, ಸೆಕೆಂಡಿನ ಕಾಲು ಭಾಗದಷ್ಟು ಹೊತ್ತಿನಲ್ಲಿ ಒತ್ತಡವನ್ನು ಬಿಡುವಿಲ್ಲದೆ ಏರಿಸುತ್ತ ಹೋಗಿ, ಅನಂತರ ಎಷ್ಟು ಬಲವಿದೆಯೋ ಅಷ್ಟನ್ನೂ ಹಾಕುವುದು. ಎಬಿಎಸ್ ಇಲ್ಲದ ಹಳೆಯ ಕಾರಿನವರು ಚಕ್ರ ಬಿಗಿದುಕೊಳ್ಳುವ ಅಂಚನ್ನು ಕಿವಿಯಿಂದಲೂ ಪೆಡಲಿನ ಸ್ಪರ್ಶದಿಂದಲೂ ಗುರುತಿಸಿ ಅಲ್ಲಿಯೇ ಕಾಲನ್ನು ನಿಲ್ಲಿಸುವ ಅಭ್ಯಾಸ ಮಾಡಬೇಕು.

ದಿನನಿತ್ಯದ ಚಾಲನೆಯಲ್ಲಿ ಜೊತೆಗಿರುವವರಿಗೆ ಕುಲುಕಾಟವಾಗದಿರಲೆಂದು ಕೊನೆಯ ಕೆಲವು ಮೀಟರುಗಳಲ್ಲಿ ನಾವೆಲ್ಲರೂ ಕಾಲನ್ನು ತಾನಾಗಿಯೇ ಸಡಿಲಿಸುತ್ತೇವೆ. ಆ ಸೌಜನ್ಯವನ್ನು ಇಲ್ಲಿ ಬಿಡಬೇಕು. ಗಂಟೆಗೆ 20 ಕಿ.ಮೀ. ವೇಗದಿಂದ ಪೂರ್ಣ ಬ್ರೇಕಿನಲ್ಲಿ ಒಂದೂವರೆ ಮೀಟರಿನಲ್ಲಿ ನಿಲ್ಲುವ ಕಾರು, ಅರ್ಧ ಬಲಕ್ಕೆ ಮೂರು ಮೀಟರಿಗೂ ಹೆಚ್ಚು ಸಾಗುತ್ತದೆ. ಚೌಕದ ಕೊನೆಯ ಕೋನ್ ಬೀಳುವುದು ಸಾಮಾನ್ಯವಾಗಿ ಇದರಿಂದಲೇ. ಕಾರು ನಿಂತು, ಅಧಿಕಾರಿ ಕೈಬೀಸುವವರೆಗೂ ಪೆಡಲ್ ಮೇಲಿನ ಬಲ ಕಡಿಮೆಯಾಗಬಾರದು.

ಇದರ ಅಭ್ಯಾಸಕ್ಕೆ ಸಾರ್ವಜನಿಕ ರಸ್ತೆ ಎಲ್ಲಿಯೂ ಸಲ್ಲದು, ದೇವನಹಳ್ಳಿಯ ವಿಮಾನನಿಲ್ದಾಣದ ರಸ್ತೆಯಾಗಲಿ, ಅಮೆರಿಕದ ಹೆದ್ದಾರಿಯಾಗಲಿ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರಿಗೆ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಸಂಸ್ಥೆಯ ಪ್ರಾದೇಶಿಕ ಘಟಕಗಳು ವಾರಾಂತ್ಯಗಳಲ್ಲಿ ನಡೆಸುವ ಆಟೊಕ್ರಾಸ್ ಸುಲಭವಾಗಿ ಸಿಗುತ್ತದೆ; ಮನೆಯ ಸಾಮಾನ್ಯ ಕಾರಿನಲ್ಲೇ ಭಾಗವಹಿಸಬಹುದು, ಅನುಭವಿಗಳು ಪಕ್ಕದಲ್ಲಿ ಕುಳಿತು ತಿದ್ದುವುದೂ ಉಂಟು.

ಪ್ರತಿ ಓಟದ ನಂತರ ಕಾರನ್ನು ನಿಧಾನವಾಗಿ ಓಡಿಸಿ ಬ್ರೇಕ್ ತಣಿಯಲು ಬಿಡಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ಕುಳಿತರೆ ಅದರ ಪದರ ಅಲ್ಲಿಯೇ ಅಂಟಿ, ಮುಂದಿನ ಓಟದಲ್ಲಿ ಪೆಡಲ್ ಅದುರತೊಡಗುತ್ತದೆ.