ಐದು ಕೊಟೇಶನ್, ಒಂದು ಷೆಡ್ಯೂಲ್-ಬಿ: ಶಿಕಾಗೊ ಮನೆಗೆ ಫರ್ನೇಸ್, ಎಸಿ ಹಾಕಿಸಿದ ನನ್ನ ಅನುಭವ

2025ರ ಜನವರಿ. ರಾತ್ರಿ ಎರಡು ಗಂಟೆಗೆ ಚಳಿಗೆ ಎಚ್ಚರವಾಯಿತು. ಬೇಸ್‌ಮೆಂಟ್‌ನಿಂದ ಹಿಟ್ಟಿನ ಗಿರಣಿ ಶುರುವಾಗಿ ಅಲ್ಲೇ ನಿಂತುಹೋದಂಥ ಸದ್ದು. ಐದು ನಿಮಿಷ ಬಿಟ್ಟು ಮತ್ತೆ ಅದೇ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಒಳಗೆ 58ಕ್ಕೆ ಇಳಿದಿತ್ತು. ಮಗಳನ್ನು ನಮ್ಮ ಕೋಣೆಗೆ ಎತ್ತಿಕೊಂಡು ಬಂದು, ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಬೆಳಗು ಮಾಡಿದೆವು.

ನಾವಿರುವುದು ಶಿಕಾಗೊದ ಪಶ್ಚಿಮಕ್ಕೆ, ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹತ್ತಿರದ ಉಪನಗರದಲ್ಲಿ. 1996ರಲ್ಲಿ ಕಟ್ಟಿದ 2,300 ಚದರಡಿಯ ಮನೆ. ಬೇಸ್‌ಮೆಂಟ್‌ನಲ್ಲಿ ಗ್ಯಾಸ್ ಉರಿಸಿ ಮನೆಯನ್ನು ಬೆಚ್ಚಗಿಡುವ ಫರ್ನೇಸ್‌ಗೂ ಮನೆಯಷ್ಟೇ ವಯಸ್ಸು. ಎಸಿಯನ್ನು ಹಿಂದಿನ ಮಾಲೀಕರು 2007ರಲ್ಲಿ ಹಾಕಿಸಿದ್ದರು. ತಂಪು ಮಾಡಲು ಅದರಲ್ಲಿದ್ದದ್ದು ಆರ್-22 ಅನಿಲ. 2020ರಿಂದ ಅಮೆರಿಕದಲ್ಲಿ ಅದರ ತಯಾರಿಕೆಯೂ ಇಲ್ಲ, ಆಮದೂ ಇಲ್ಲ. ಬೆಂಗಳೂರಿನ ಮನೆಗಳ ಎಸಿ ಹಾಗಲ್ಲ ಇಲ್ಲಿಯದು. ಫರ್ನೇಸ್‌ನ ಫ್ಯಾನೇ ಬೇಸಿಗೆಯಲ್ಲಿ ಎಸಿಯ ತಂಪನ್ನೂ ಮನೆತುಂಬ ತಳ್ಳಬೇಕು, ಎರಡಕ್ಕೂ ಒಂದೇ ಡಕ್ಟ್. ಹಾಗಾಗಿ ಎರಡೂ ಮುದಿಯಾಗಿದ್ದರೆ ಒಟ್ಟಿಗೇ ಬದಲಾಯಿಸುವುದು ರೂಢಿ.

ಬೆಳಿಗ್ಗೆ ಮೊದಲು ಸಿಕ್ಕ ಕಂಪನಿಯವನು ಬಂದ. ಇಪ್ಪತ್ತು ನಿಮಿಷ ನೋಡಿ, ಫೋನಿನಲ್ಲಿ ಮಸುಕು ಚಿತ್ರವೊಂದನ್ನು ತೋರಿಸಿ, "ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಇವತ್ತೇ ಬದಲಾಯಿಸಬೇಕು" ಅಂದ. ಹೀಟ್ ಎಕ್ಸ್‌ಚೇಂಜರ್ ಅಂದರೆ ಹೊಗೆಯನ್ನು ಒಳಗೇ ಇಟ್ಟುಕೊಂಡು, ಅದರ ಶಾಖವನ್ನಷ್ಟೇ ಮನೆಯ ಗಾಳಿಗೆ ದಾಟಿಸುವ ಲೋಹದ ಗೂಡು. ವಿಷಾನಿಲದ ಮಾತು ಬಂದರೆ ಯಾರಿಗೆ ಕೈಕಾಲು ಆಡುತ್ತೆ? ಹೆಂಡತಿ ಮಾತ್ರ ಗಟ್ಟಿಯಾಗಿ, "ಬಿರುಕನ್ನ ನಮ್ಮ ಕಣ್ಣಿಗೆ ತೋರಿಸಲಿ, ಇಲ್ಲ ಇನ್ನೊಬ್ಬರನ್ನ ಕರೆಸೋಣ" ಅಂದಳು. ಅವನು ತೋರಿಸಲಿಲ್ಲ. ಸಂಜೆ ಬಂದ ಇನ್ನೊಬ್ಬ ಮೆಕ್ಯಾನಿಕ್ ಫರ್ನೇಸ್ ಓಡಿಸಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆದು, ಒಳಗೆ ಕ್ಯಾಮೆರಾ ಇಳಿಸಿ ನೋಡಿದ. ಬಿರುಕು ಇರಲಿಲ್ಲ. ಹೊಗೆಯನ್ನು ಹೊರಗೆ ಎಳೆಯುವ ಇಂಡ್ಯೂಸರ್ ಮೋಟರ್‌ನ ಬೇರಿಂಗ್ ಹೋಗಿತ್ತು. 480 ಡಾಲರ್‌ಗೆ ಹೊಸದು ಹಾಕಿದ.

ಸಾಯುವ ಯಂತ್ರಕ್ಕೆ 480 ಡಾಲರ್ ದಂಡ ಎಂದು ಗೆಳೆಯರು ಬೈದರು. ನನ್ನ ಲೆಕ್ಕ ಬೇರೆ. ಆ ದುಡ್ಡಿಗೆ ನನಗೆ ಮೂರು ತಿಂಗಳು ಸಿಕ್ಕಿತು. ಮನೆಯೊಳಗೆ ನಡುಗುತ್ತಾ ಕೂತವನಿಗೆ ಚೌಕಾಸಿ ಬರುವುದಿಲ್ಲ. ಫರ್ನೇಸ್ ಕೆಲಸ ಮುಗಿದು ಎಸಿ ಕೆಲಸ ಶುರುವಾಗದ ಮಾರ್ಚ್-ಏಪ್ರಿಲ್‌ನಲ್ಲಿ ಕಾಂಟ್ರಾಕ್ಟರುಗಳ ಕೈ ಖಾಲಿ ಇರುತ್ತೆ, ಮಾತಿಗೂ ಸಿಗುತ್ತಾರೆ.

ಮಾರ್ಚ್‌ನಲ್ಲಿ ಐದು ಜನರನ್ನು ಕರೆಸಿದೆ. ಬಂದ ದರಗಳು, ಇಲ್ಲಿನ ಮಾತಿನಲ್ಲಿ ಕೋಟ್‌ಗಳು: 18,900, 9,400, 14,200, 13,600, 12,900 ಡಾಲರ್. ಒಂದೇ ಮನೆ, ಒಂದೇ ಕೆಲಸ, ದರ ನೋಡಿದರೆ ಒಂದಕ್ಕೆರಡು. ಎಕ್ಸೆಲ್‌ನಲ್ಲಿ ಜೋಡಿಸಿ ದಾವಣಗೆರೆಗೆ, ಅಪ್ಪಾಜಿಗೆ ಕಳಿಸಿದೆ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಟೆಂಡರ್ ನೋಡಿದವರು ಅವರು. ಫೋನ್ ಮಾಡಿ ಕೇಳಿದ್ದು ಒಂದೇ:

"ಎಲ್ಲಾ ಸರಿ, ಷೆಡ್ಯೂಲ್-ಬಿ ಎಲ್ಲೈತಪಾ?"

"ಅದೆಲ್ಲಾ ಇಲ್ಲಿ ಇರಲ್ಲ ಅಪ್ಪಾಜಿ."

"ಮತ್ತೆ ಏನು ನೋಡಿ ಹೋಲಿಸ್ತೀ? ಒಬ್ಬ ಸೇತುವೆಗೆ ರೇಟು ಕೊಟ್ಟಾನೆ, ಒಬ್ಬ ಮೋರಿಗೆ ಕೊಟ್ಟಾನೆ. ಎಲ್-1 ಅಂದ್ರೆ ಕಡಿಮೆ ರೇಟಲ್ಲ, ಒಂದೇ ಐಟಂ ಪಟ್ಟಿಗೆ ಕಡಿಮೆ ರೇಟು. ಪಟ್ಟಿ ನೀನು ಬರಿ, ರೇಟು ಅವರು ಬರೀಲಿ."

ಷೆಡ್ಯೂಲ್-ಬಿ ಅಂದರೆ ಟೆಂಡರ್‌ನ ಐಟಂ ಪಟ್ಟಿ, ಎಲ್-1 ಅಂದರೆ ಅತಿ ಕಡಿಮೆ ದರ ಕೊಟ್ಟವರು; ಲೋಕೋಪಯೋಗಿ, ನೀರಾವರಿ ಕಡೆಯವರಿಗೆ ಇದು ದಿನದ ಮಾತು. ನನಗೆ ಮಾತ್ರ ಅವತ್ತೇ ತಲೆಗೆ ಹೋದದ್ದು. ಪಟ್ಟಿ ಬರೆಯಬೇಕಾದರೆ ನನ್ನ ಮನೆಗೆ ಏನು ಬೇಕು ಅನ್ನುವುದು ನನಗೆ ಗೊತ್ತಿರಬೇಕಲ್ಲ. ಎರಡು ವಾರಾಂತ್ಯ ಅದಕ್ಕೇ ಹೋಯಿತು.

ಮೊದಲ ಪ್ರಶ್ನೆ, ಎಷ್ಟು ದೊಡ್ಡದು ಬೇಕು? ಹಳೆಯ ಫರ್ನೇಸ್‌ನ ತಗಡಿನ ಮೇಲೆ ಗಂಟೆಗೆ 1,00,000 ಬಿಟಿಯು (ಶಾಖದ ಅಳತೆ) ಎಂದಿತ್ತು. ಅದು ಉರಿಸುವ ಅನಿಲದ ಲೆಕ್ಕ. ದಕ್ಷತೆ, ಇಲ್ಲಿನವರು ಎಎಫ್‌ಯುಇ ಅನ್ನುವುದು, 80 ಶೇಕಡಾ. ಅಂದರೆ ಮನೆಗೆ ಸಿಗುವುದು 80,000. ನಮ್ಮ ಥರ್ಮೋಸ್ಟಾಟ್ ಯಾವ ಗಂಟೆಯಲ್ಲಿ ಎಷ್ಟು ನಿಮಿಷ ಓಡಿತು ಎಂದು ಬರೆದಿಟ್ಟುಕೊಳ್ಳುತ್ತೆ. ಮೋಟರ್ ಬದಲಾಯಿಸಿದ ಮೇಲಿನ ಅತಿ ಚಳಿಯ ರಾತ್ರಿ, ಹೊರಗೆ ಮೈನಸ್ 2 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 19 ಸೆಲ್ಸಿಯಸ್ ಇದ್ದಾಗ, ಅದು ಗಂಟೆಗೆ 33 ನಿಮಿಷ ಓಡಿತ್ತು. 80,000ದಲ್ಲಿ 60ಕ್ಕೆ 33 ಪಾಲು ಅಂದರೆ 44,000. ಆ ರಾತ್ರಿ ನನ್ನ ಮನೆ ಕೇಳಿದ ಶಾಖ ಅಷ್ಟೇ.

ಈಗ ಕೋಟ್‌ಗಳ ಕಡೆ ನೋಡಿ. ಐವರಲ್ಲಿ ನಾಲ್ವರು, "ಇದ್ದ ಸೈಜೇ ಹಾಕೋಣ" ಎಂದು 1,00,000ದ ಫರ್ನೇಸ್ ಬರೆದಿದ್ದರು. ಅವರಲ್ಲಿ ಮೂವರದು 96 ಶೇಕಡಾ ದಕ್ಷತೆಯದು. ಮನೆಗೆ 96,000! ಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು. 60,000ದ್ದು ಹಾಕಿದರೂ 57,600 ಸಿಗುತ್ತೆ, ಮೂವತ್ತು ಶೇಕಡಾ ಉಳಿಕೆ ಇರುತ್ತೆ. ಎಸಿಗೂ ಇದೇ ಲೆಕ್ಕ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು; ಹಳೆಯದು ಮೂರೂವರೆ ಟನ್. ಹಿಂದಿನ ಜುಲೈನ 94 ಡಿಗ್ರಿಯ ಮಧ್ಯಾಹ್ನ ಗಂಟೆಗೆ 44 ನಿಮಿಷ ಓಡಿದ್ದು ಸುಮಾರು 31,000ಕ್ಕೆ ಬಂತು. ಮೂರು ಟನ್ ಸಾಕು. ಹೆಚ್ಚಿದ್ದರೆ ಒಳ್ಳೆಯದಲ್ಲವಾ ಎಂದು ನಾನೂ ಅಂದುಕೊಂಡಿದ್ದವನೇ. ಆದರೆ ಅತಿ ದೊಡ್ಡ ಎಸಿ ಐದೇ ನಿಮಿಷದಲ್ಲಿ ಮನೆ ತಣ್ಣಗೆ ಮಾಡಿ ನಿಲ್ಲುತ್ತೆ, ಗಾಳಿಯ ತೇವ ತೆಗೆಯಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ತಣ್ಣಗಿದ್ದೂ ಮೈ ಅಂಟಂಟು. ಪದೇ ಪದೇ ಹತ್ತಿ ಆರುವ ಯಂತ್ರ ಬೇಗ ಸವೆಯುತ್ತದೆ ಬೇರೆ.

ನನ್ನ ಲೆಕ್ಕ ಒರಟು. ಸರಿಯಾದ ವಿಧಾನ ಇಲ್ಲಿ ಮ್ಯಾನುಯಲ್ ಜೆ. ಕಿಟಕಿ, ಗೋಡೆ, ಅಟ್ಟದ ಇನ್ಸುಲೇಷನ್ ಎಲ್ಲ ಅಳೆದು ಮಾಡುವುದು. ಐದನೆಯವರು ಮಾತ್ರ ಅದನ್ನು ಮಾಡಿದ್ದರು. ಅವರಿಗೆ ಬಂದದ್ದು ಚಳಿಗೆ 46,000, ಸೆಕೆಗೆ 31,000. ನನ್ನ ಒರಟು ಲೆಕ್ಕದ ಪಕ್ಕದಲ್ಲಿ ಆ ಅಂಕಿ ಕಂಡಾಗ ಆದ ಖುಷಿ, ಪಿಯುಸಿಯಲ್ಲಿ ಗಣಿತದ ಉತ್ತರ ಪುಸ್ತಕದ ಹಿಂದಿನ ಪುಟಕ್ಕೆ ತಾಳೆಯಾದಾಗ ಆಗುತ್ತಿತ್ತಲ್ಲ, ಅದೇ.

ಎರಡನೆಯದು ಹೊಗೆಯ ದಾರಿ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಅತಿ ಮುಖ್ಯ ಸಾಲು ಇದೇ, ಮೂರು ಕೋಟ್‌ಗಳಲ್ಲಿ ಇದರ ಸುಳಿವೇ ಇರಲಿಲ್ಲ. 80 ಶೇಕಡಾ ಫರ್ನೇಸ್‌ನ ಹೊಗೆ ಬಿಸಿಯಾಗಿ, ಲೋಹದ ಕೊಳವೆಯಲ್ಲಿ ತಾನೇ ಮೇಲೇರುತ್ತೆ. 96ರದ್ದು ಹೊಗೆಯ ಶಾಖವನ್ನೂ ಹೀರಿಕೊಳ್ಳುವುದರಿಂದ, ಉಳಿದ ತಣ್ಣನೆ ಹೊಗೆಯನ್ನು ಪಿವಿಸಿ ಪೈಪಿನಲ್ಲಿ ಪಕ್ಕದ ಗೋಡೆಯಿಂದ ಹೊರಗೆ ತಳ್ಳುತ್ತೆ. ಒಳಗೆ ನೀರೂ ಕಟ್ಟುತ್ತೆ, ಅದಕ್ಕೊಂದು ಡ್ರೈನ್ ಬೇಕು. ನಮ್ಮ ಗ್ಯಾಸ್ ಗೀಸರ್ ಅದೇ ಹಳೆಯ ಲೋಹದ ಕೊಳವೆಯನ್ನು ಫರ್ನೇಸ್ ಜೊತೆ ಹಂಚಿಕೊಂಡಿತ್ತು. ಫರ್ನೇಸ್ ಬೇರೆ ದಾರಿ ಹಿಡಿದರೆ ಗೀಸರ್ ಒಂಟಿ. ಅಷ್ಟು ದೊಡ್ಡ ಕೊಳವೆಯನ್ನು ಬೆಚ್ಚಗಾಗಿಸಲು ಅದರ ಒಂದರ ಹೊಗೆ ಸಾಲದು. ಹೊಗೆ ಅರ್ಧದಲ್ಲೇ ತಣ್ಣಗಾಗಿ ಮನೆಯೊಳಗೆ ಹಿಂದಿರುಗಬಹುದು. ಅದಕ್ಕೇ ಕೊಳವೆಯನ್ನು ಕಿರಿದು ಮಾಡಬೇಕು, ಒಳಗೊಂದು ಲೈನರ್ ಇಳಿಸಬೇಕು. ಸುಮಾರು 900 ಡಾಲರ್ ಕೆಲಸ. ಕೋಟ್‌ನಲ್ಲಿ ಇಲ್ಲದಿದ್ದರೆ ಕೆಲಸದ ದಿನ "ಅದು ಎಕ್ಸ್‌ಟ್ರಾ" ಅನ್ನುತ್ತಾರೆ, ಇಲ್ಲವೇ ಮಾಡದೇ ಹೋಗುತ್ತಾರೆ. ಎರಡನೆಯದೇ ಭಯದ ಸಂಗತಿ.

ಮಿಕ್ಕವನ್ನು ಬೇಗ ಹೇಳುತ್ತೇನೆ. ಎಸಿಯ ಅನಿಲ ಹರಿಯುವ ಹಳೆಯ ತಾಮ್ರದ ಕೊಳವೆ ತೊಳೆಯುತ್ತೀರಾ, ಹೊಸದು ಹಾಕುತ್ತೀರಾ? ನೈಟ್ರೋಜನ್ ತುಂಬಿ ಸೋರಿಕೆ ನೋಡಿ, ಆಮೇಲೆ ಒತ್ತಡ 500 ಮೈಕ್ರಾನ್‌ಗಿಂತ ಕೆಳಗೆ ಇಳಿಯುವವರೆಗೆ ಒಳಗಿನ ಗಾಳಿ, ತೇವ ಹೀರಿ ವ್ಯಾಕ್ಯೂಮ್ ಎಳೆಯುತ್ತೀರಾ? ಹೊಸ ಎಸಿಗೆ ತಕ್ಕ ಬ್ರೇಕರ್ ಯಾರ ಖರ್ಚು? ಹೊರಗಿನ ಘಟಕ, ಒಳಗಿನ ಕಾಯಿಲ್ ಎರಡೂ ಜೋಡಿಯೆಂದು ಪರೀಕ್ಷೆಯಾಗಿರುವ ಎಎಚ್‌ಆರ್‌ಐ (ತಯಾರಕರ ಸಂಘ) ಸಂಖ್ಯೆ ಏನು? ಊರಿನ ಪರ್ಮಿಟ್ ಯಾರು ತೆಗೆಯುತ್ತಾರೆ? ಇಲಿನಾಯ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಅಂತ ಇಲ್ಲ, ಆದ್ದರಿಂದ ಊರಿನ ಇನ್ಸ್‌ಪೆಕ್ಟರ್ ಬಂದು ನೋಡುವುದೊಂದೇ ನಮಗಿರುವ ಮೂರನೇ ಕಣ್ಣು. ಇಷ್ಟನ್ನೂ ಹದಿನಾಲ್ಕು ಸಾಲಿನ ಪಟ್ಟಿ ಮಾಡಿ, 60,000 ಬಿಟಿಯು, 96 ಶೇಕಡಾ, ಮೂರು ಟನ್ ಎಂದು ಮೇಲೆ ಬರೆದು ಐವರಿಗೂ ಕಳಿಸಿದೆ.

ಆಗ ಹೂರಣ ಹೊರಗೆ ಬಂತು.

ಮೊದಲನೆಯವರು, 18,900ರವರು, ನಮ್ಮ ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಎರಡು ಗಂಟೆ ಕೂತಿದ್ದವರು, "ಇವತ್ತು ಸಹಿ ಹಾಕಿದರೆ 16,900" ಎಂದಿದ್ದವರು, ಪಟ್ಟಿಗೆ ಉತ್ತರವನ್ನೇ ಕೊಡಲಿಲ್ಲ. 9,400ರವರದ್ದು ಮೋಸವೇನಲ್ಲ, ಅದು ಬೇರೆಯೇ ಸಾಮಾನು. 80 ಶೇಕಡಾ ಫರ್ನೇಸ್, ಜೊತೆಗೆ ಆರ್-410ಎ ಅನಿಲದ ಎಸಿ. 2025ರ ಜನವರಿ 1ರಿಂದ ಮನೆಗಳಿಗೆ ಆ ಅನಿಲದ ಹೊಸ ಎಸಿ ತಯಾರಿಸುವಂತಿಲ್ಲ, ಮಿಕ್ಕ ದಾಸ್ತಾನನ್ನು ಆ ವರ್ಷ ಹಾಕಬಹುದಿತ್ತು. ಅವರು ಅದನ್ನು ಖಾಲಿ ಮಾಡುತ್ತಿದ್ದರು. ಹೊಸ ಅನಿಲಗಳಲ್ಲೊಂದು ಆರ್-454ಬಿ, ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ಸೋರಿಕೆ ಸೆನ್ಸರ್ ಜೊತೆಗೆ ಬರುತ್ತೆ. ನನ್ನ ಪಟ್ಟಿಗೆ ಅವರ ದರ 12,300 ಆಯಿತು.

ಮೂರನೆಯವರ 14,200ರ ಕೆಳಗೆ ತೆರಿಗೆ ರಿಯಾಯಿತಿ 1,200 ಕಳೆದು 13,000 ಎಂದು ದಪ್ಪಕ್ಷರದಲ್ಲಿತ್ತು. ಆ ಕೇಂದ್ರ ರಿಯಾಯಿತಿಯಲ್ಲಿ ಫರ್ನೇಸ್ ಪಾಲು 600 ಡಾಲರ್, ಅದಕ್ಕೆ ದಕ್ಷತೆ 97 ಇರಬೇಕಿತ್ತು. ಅವರು ಬರೆದದ್ದು 96! ಕೇಳಿದ್ದಕ್ಕೆ, "ನಿಮ್ಮ ಸಿಪಿಎನ ಕೇಳಿ" ಎಂದು ತೆರಿಗೆ ಲೆಕ್ಕಿಗರ ಕಡೆ ಕೈ ತೋರಿಸಿದರು. (ಆ ರಿಯಾಯಿತಿ 2025ರ ಕೊನೆಗೆ ಮುಗಿದೇಹೋಯಿತು. ಈಗ ಯಾರಾದರೂ ಕೋಟ್‌ನಲ್ಲಿ ಕಳೆದು ತೋರಿಸಿದರೆ ಹುಷಾರು.) ಪಟ್ಟಿಗೆ ಅವರ ದರ 13,800. ನಾಲ್ಕನೆಯವರದು ಹದಿನೆಂಟು ತಿಂಗಳು ಬಡ್ಡಿಯಿಲ್ಲದ ಕಂತಿನ ದರ. ಚೆಕ್ ಕೊಟ್ಟರೆ ಎಷ್ಟು ಅಂದೆ, 1,100 ಇಳಿಯಿತು. ಬಡ್ಡಿಯಿಲ್ಲ ಅನ್ನುವುದು ನಿಜ, ಆದರೆ ಸಾಲ ಕೊಡುವ ಕಂಪನಿ ಕಾಂಟ್ರಾಕ್ಟರ್‌ನಿಂದ ಹಿಡಿದುಕೊಳ್ಳುವ ದುಡ್ಡು ನಮ್ಮ ದರದೊಳಗೇ ಕೂತಿತ್ತು. ಲೈನರ್ ಸೇರಿಸಿ 13,400.

ಐದನೆಯವರದು 12,900, ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಹದಿನಾಲ್ಕು ಸಾಲಿನಲ್ಲಿ ಹದಿಮೂರು ಅವರ ಕಾಗದದಲ್ಲಿ ಮೊದಲೇ ಇದ್ದವು. ಐವರ ನಡುವೆ ಇದ್ದ ಒಂಬತ್ತೂವರೆ ಸಾವಿರದ ಅಂತರ, ಉತ್ತರ ಕೊಟ್ಟ ನಾಲ್ವರ ನಡುವೆ ಒಂದೂವರೆ ಸಾವಿರಕ್ಕೆ ಇಳಿದಿತ್ತು. ಬ್ರಾಂಡ್ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಿಲ್ಲ. ಕ್ಯಾರಿಯರ್-ಬ್ರ್ಯಾಂಟ್ ಒಂದೇ ಮನೆಯ ಮಕ್ಕಳು, ಟ್ರೇನ್-ಅಮೆರಿಕನ್ ಸ್ಟ್ಯಾಂಡರ್ಡ್ ಹಾಗೇ, ಗುಡ್‌ಮನ್ 2012ರಿಂದ ಡೈಕಿನ್ ಕೈಯಲ್ಲಿದೆ. ಕೂರಿಸುವ ಕೈ ಮುಖ್ಯ.

ಎಲ್-1 ಬಿಟ್ಟು 600 ಡಾಲರ್ ಹೆಚ್ಚಿಗೆ ಕೊಟ್ಟು ಐದನೆಯವರಿಗೇ ಕೆಲಸ ಕೊಟ್ಟೆ. ಕಾರಣ ಒಂದು ಅಳತೆ. ಅವರು ಮೊದಲ ದಿನವೇ ಡಕ್ಟ್‌ಗೆ ಎರಡು ತೂತು ಕೊರೆದು ಗಾಳಿಯ ಒತ್ತಡ ನೋಡಿದ್ದರು. ಅದನ್ನು ಅಳೆಯುವುದು ನೀರಿನ ಮಟ್ಟದ ಇಂಚಿನಲ್ಲಿ; 0.5 ಇಂಚು ಇರಬೇಕಾದಲ್ಲಿ 0.9. "ನಿಮ್ಮ ಫ್ಯಾನ್ ಮೂಗು ಮುಚ್ಚಿಕೊಂಡು ಓಡುತ್ತಿದೆ, ವಾಪಸು ಗಾಳಿಯ ದಾರಿ ಇನ್ನೊಂದು ಬೇಕು, ಒಂದಿಂಚಿನ ಫಿಲ್ಟರ್ ಬದಲು ನಾಲ್ಕಿಂಚಿನದು ಹಾಕೋಣ" ಎಂದು ಅದನ್ನೂ ಅದೇ ದರದಲ್ಲಿ ಸೇರಿಸಿದ್ದರು. ನನ್ನ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. 12,300ರವರು ಪರ್ಮಿಟ್ ವಿಷಯಕ್ಕೆ, "ಅದೆಲ್ಲ ಯಾಕೆ, ಸುಮ್ಮನೆ ಖರ್ಚು" ಎಂದದ್ದೂ ಮನಸ್ಸಿನಲ್ಲಿತ್ತು.

"ಎಲ್-1 ಬಿಟ್ಟೆಯಾ? ಆಡಿಟ್‌ನೋರು ಬರ್ತಾರೆ, ಕಾರಣ ಬರೆದಿಡು" ಅಂತ ಅಪ್ಪಾಜಿ ನಕ್ಕರು. ಇದೇ ಆ ಟಿಪ್ಪಣಿ ಅಂದುಕೊಳ್ಳಿ.

80 ಶೇಕಡಾದ್ದೇ ಸಾಕಿತ್ತೇ? ದುಡ್ಡಿನ ಲೆಕ್ಕದಲ್ಲಿ ಬಹುಶಃ ಸಾಕಿತ್ತು. ವರ್ಷಕ್ಕೆ ನಾವು ಮನೆ ಬೆಚ್ಚಗಿಡಲು ಸುಡುತ್ತಿದ್ದದ್ದು 870 ಥರ್ಮ್ (ಬಿಲ್ಲಿನಲ್ಲಿ ಗ್ಯಾಸ್‌ನ ಅಳತೆ). 96ರದ್ದರಲ್ಲಿ ಉಳಿಯುವುದು 145. ಥರ್ಮ್‌ಗೆ ಎಲ್ಲ ಸೇರಿ ಒಂದು ಡಾಲರ್ ಹಿಡಿದರೆ ವರ್ಷಕ್ಕೆ 145 ಡಾಲರ್. ಐದು ವರ್ಷದಲ್ಲಿ ಮನೆ ಮಾರುವವರು ಅದಕ್ಕಾಗಿ ಖರ್ಚು ಮಾಡಬೇಕಾಗಿಲ್ಲ. ನಾನು ಮಾಡಿದ್ದು, ಅದು ಉರಿಯಲು ಬೇಕಾದ ಗಾಳಿಯನ್ನೂ ಪೈಪಿನಲ್ಲಿ ಹೊರಗಿನಿಂದಲೇ ಎಳೆದುಕೊಳ್ಳುತ್ತೆ ಎಂಬ ಕಾರಣಕ್ಕೆ. ಮಗಳು ಆಡುವುದು ಬೇಸ್‌ಮೆಂಟ್‌ನಲ್ಲಿ.

ಏಪ್ರಿಲ್‌ನಲ್ಲಿ ಒಂದೂವರೆ ದಿನದ ಕೆಲಸ. ಅರ್ಧ ದುಡ್ಡನ್ನು ಇನ್ಸ್‌ಪೆಕ್ಷನ್ ಆಗುವವರೆಗೆ ಹಿಡಿದಿದ್ದೆ, ಅವರು ಬೇಸರಪಡಲಿಲ್ಲ. ಇನ್ಸ್‌ಪೆಕ್ಟರ್ ಬಂದು, ಬ್ರೇಕರ್ ಹಳೆಯ 40 ಆಂಪಿಯರ್‌ನದ್ದೇ ಉಳಿದಿದೆ, ಈ ಎಸಿಗೆ 30ಕ್ಕಿಂತ ಹೆಚ್ಚಿರಕೂಡದು ಎಂದು ತೋರಿಸಿದ. ನನ್ನ ಪಟ್ಟಿಯ ಒಂಬತ್ತನೇ ಸಾಲು! ಮರುದಿನವೇ ಬಂದು ಬದಲಾಯಿಸಿದರು. ಬಿಡಿಭಾಗಗಳ ಹತ್ತು ವರ್ಷದ ವಾರಂಟಿಗೆ ಬೇಗ ನೋಂದಣಿ ಮಾಡಿಸಬೇಕು, ತಡವಾದರೆ ಐದೇ ವರ್ಷ. "ನಾವು ಮಾಡ್ತೀವಿ" ಎಂದರೂ ಅಂದು ರಾತ್ರಿ ನಾನೇ ಮಾಡಿ ಪ್ರಿಂಟ್ ತೆಗೆದು ಫರ್ನೇಸ್‌ಗೇ ಅಂಟಿಸಿದೆ.

ಮುಂದಿನ ಚಳಿಗಾಲ ಹೊರಗೆ 3 ಡಿಗ್ರಿಗೆ ಇಳಿದ ರಾತ್ರಿ ಎದ್ದು ಫೋನ್ ನೋಡಿದೆ. ಗಂಟೆಗೆ 43 ನಿಮಿಷ ಓಡಿತ್ತು, ಒಳಗೆ 69. ಹೆಂಡತಿ, "ಮಲಗ್ತೀರಾ ಇಲ್ವಾ?" ಅಂದಳು. 480 ಡಾಲರ್‌ನ ಆ ಇಂಡ್ಯೂಸರ್ ಮೋಟರ್ ಬೇಸ್‌ಮೆಂಟಿನ ಕಪಾಟಿನಲ್ಲಿದೆ, ಬರೀ ಮೂರು ತಿಂಗಳು ಓಡಿದ್ದು. 90ರ ದಶಕದ ಫರ್ನೇಸ್ ಇನ್ನೂ ಎಳೆಯುತ್ತಿರುವವರು ಯಾರಾದರೂ ಇದ್ದರೆ ಹೇಳಿ, ಹೊಂದಿದರೆ ತೆಗೆದುಕೊಂಡು ಹೋಗಿ.